ಮೂಲೆ ಕತ್ತರಿಸಿದ ಕಾರ್ಡುಗಳು

ನಮ್ಮ ಮನೆಯ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಮೂರು ಚಿತ್ರದ ಕಾರ್ಡುಗಳಿವೆ. ನನ್ನ ಅಜ್ಜ ಭದ್ರಾವತಿಯಿಂದ ಊರಿಗೆ ಬರೆದವು. ಮೂರಕ್ಕೂ ಒಂದು ಮೂಲೆಯಿಲ್ಲ. ಅದು ಗೆದ್ದಲಿನ ಕೆಲಸವಲ್ಲ, ನನ್ನದು. ಹತ್ತು ವರ್ಷದ ಹುಡುಗನಾಗಿದ್ದಾಗ ಅಂಚೆಚೀಟಿ ಕೂಡಿಸುವ ಹುಚ್ಚು ಹತ್ತಿ ಕತ್ತರಿ ಹಾಕಿದ್ದೆ. ಚೀಟಿಯೊಡನೆ ಅಂಚೆಯ ಮುದ್ರೆಯೂ, ಮುದ್ರೆಯೊಡನೆ ತಾರೀಖೂ ಹೋದವು. ಅಜ್ಜನಿಗೋ ತಾರೀಖು ಬರೆಯುವ ಅಭ್ಯಾಸವಿರಲಿಲ್ಲ. ಚೀಟಿಗಳು ಎಲ್ಲಿ ಕಳೆದುವೋ ಕಾಣೆ. ಹೀಗಾಗಿ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವ ನಾನು ಈಗ ನನ್ನ ಅಜ್ಜನದೇ ಕಾಲನಿರ್ಣಯ ಮಾಡಬೇಕಾಗಿದೆ.

ಮೊದಲನೆಯದು ಜೋಗದ್ದು. ನಮ್ಮ ಜಿಲ್ಲೆಯ ಹಳೆಯ ಚಿತ್ರಗಳಲ್ಲಿ ಜೋಗ ಹತ್ತು ಸಿಕ್ಕಿದರೆ ಶಿವಮೊಗ್ಗ ಒಂದು ಸಿಕ್ಕುವುದು ಕಷ್ಟ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಜಲಪಾತಕ್ಕೆ ಹೊರಟವರು ಇಲ್ಲಿ ಇಳಿದು ಸಾಗರದ ದಾರಿ ಹಿಡಿಯುತ್ತಿದ್ದರು. ಕಾರ್ಡು ಮಾರುವವರ ಕಣ್ಣು ಅವರ ಮೇಲೆ. ಗಾಡಿ ಬದಲಿಸುವ ಊರಿನ ಚಿತ್ರ ಯಾರಿಗೆ ಬೇಕು? ಚಿತ್ರದಲ್ಲಿ ನಾಲ್ಕು ಧಾರೆಗಳೂ ತುಂಬಿ ಬೀಳುತ್ತಿವೆ. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಹಿಂದಿನದೆನ್ನೋಣವೆಂದರೆ, ಒಳ್ಳೆಯ ಮಳೆಗಾಲದಲ್ಲಿ ಇಂದಿಗೂ ಹಾಗೆಯೇ ಕಾಣುತ್ತದೆ. ನೀರನ್ನು ಕೇಳಿ ಫಲವಿಲ್ಲ.

ಎರಡನೆಯದರಲ್ಲಿ ತುಂಗೆಯ ದಡದ ಅರಮನೆ. ಕೆಳಗೆ ಶಿವಪ್ಪನಾಯಕನದೆಂದು ಅಚ್ಚಾಗಿದೆ. ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಮರದ ಕಂಬಗಳ ಈ ಕಟ್ಟಡ ಹೈದರಾಲಿಯ ಕಾಲದ್ದು, ಅಂದರೆ ನೂರು ವರ್ಷ ಈಚಿನದು ಎಂದು ಪ್ರಾಚ್ಯವಸ್ತು ತಜ್ಞರು ಹೇಳುತ್ತಾರೆ. ಊರಿನವರು ಮಾತ್ರ ನಾಯಕನನ್ನು ಬಿಟ್ಟುಕೊಟ್ಟಿಲ್ಲ. ಅಚ್ಚಾದದ್ದನ್ನೆಲ್ಲ ನಂಬುವ ವಿದ್ಯಾರ್ಥಿಗಳಿಗೆ ನಾನು ಈ ಕಾರ್ಡನ್ನು ತೋರಿಸುವುದುಂಟು.

ಮೂರನೆಯದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಊರಿನ ಹಿಂದಿನ ಹೆಸರು ಬೆಂಕಿಪುರ. ಹೆಸರು ಕುಲುಮೆಗಿಂತ ಎಷ್ಟೋ ಹಳೆಯದು, ಕುಲುಮೆಯಿಂದ ಬಂದದ್ದಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1918ರಲ್ಲಿ, ಮೈಸೂರು ಸರ್ಕಾರ ಆರಂಭಿಸಿದ ಈ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಅದಿರಿತ್ತು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ, ಕಾಡಿತ್ತು. ಆದ್ದರಿಂದ ಮರವನ್ನು ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ ಅದರಿಂದ ಕುಲುಮೆ ನಡೆಸಿದರು. ಹೊಗೆಯನ್ನೂ ಬಿಡದೆ ತಣಿಸಿ ಮದ್ಯಸಾರ, ಟಾರು ತೆಗೆದರು. ಜಾಣತನದ ಕೆಲಸವೇ. ಆದರೆ ಕುಲುಮೆಯ ಹಸಿವು ಹಗಲಿರುಳೂ ಆರದ್ದು. ಸೌದೆ ತರಲು ಕಾಡಿನೊಳಕ್ಕೆ ಟ್ರಾಮಿನ ಹಳಿಗಳು ಹೋದವು. 1950ರ ದಶಕದ ಆರಂಭದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಅಷ್ಟು ಹೊತ್ತಿಗೆ ಎಷ್ಟು ಮತ್ತಿ, ಎಷ್ಟು ಹೊನ್ನೆ ಇದ್ದಿಲಾದವೋ! ಚಿತ್ರದಲ್ಲಿ ಚಿಮಣಿಗಳು ಠೀವಿಯಿಂದ ನಿಂತಿವೆ. ಮರವೂ ಇಲ್ಲ, ಮನುಷ್ಯನೂ ಇಲ್ಲ.

ಮನುಷ್ಯ ಇರುವುದು ಕಾರ್ಡಿನ ಹಿಂಬದಿಯಲ್ಲಿ. ಕಾಗದದ ಕಾರ್ಖಾನೆಯಲ್ಲಿಯೂ ಕೆಲಸ ಸಿಕ್ಕೀತು, ತಮ್ಮನನ್ನು ಕಳುಹಿಸಿ ಎಂದು ಅಜ್ಜ ಬರೆದಿದ್ದಾರೆ. ಆ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ನಾನು ಕತ್ತರಿಸಿದ ಚೀಟಿಯ ಮೇಲೆ ದೊರೆಯ ತಲೆಯಿತ್ತೆಂದು ಚೆನ್ನಾಗಿ ನೆನಪಿದೆ. ಮೈಸೂರಿನ ಅಂಚೆ 1889ರಲ್ಲಿಯೇ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಗಿತ್ತಾದ್ದರಿಂದ ಆ ತಲೆ ಇಂಗ್ಲೆಂಡಿನ ದೊರೆಯದೇ. ಅಲ್ಲಿಗೆ 1936ಕ್ಕೂ ಸ್ವಾತಂತ್ರ್ಯದ ಹೊತ್ತಿಗೂ ನಡುವೆ ಎಂದಾಯಿತು. ಅದಕ್ಕಿಂತ ಸಮೀಪ ಹೋಗಲು ನನ್ನ ಕತ್ತರಿ ಬಿಡದು.

ಕಾಗದದ ಕಾರ್ಖಾನೆ ನಿಂತು ಈಗ ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ನಾನು ಈ ಕಾರ್ಡನ್ನು ಮತ್ತೆ ತೆಗೆದು ಓದಿದೆ. ತಮ್ಮನ ವಿಷಯ ಮುಗಿದ ಮೇಲೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ, ಅಜ್ಜಿಗೆಂದು ಒಂದು ಸಾಲಿದೆ: ನೀನು ಬಂದರೆ ಒಲೆಯ ಚಿಂತೆಯಿಲ್ಲ, ಇಲ್ಲಿ ಸೌದೆಗೆ ಬರವೇ ಇಲ್ಲ.