ಸ್ಥೌಲ್ಯಚಿಕಿತ್ಸೆಯಲ್ಲಿ ಆಹಾರತ್ರಯ

ಸ್ಥೌಲ್ಯವನ್ನು ಉಪವಾಸದಿಂದಲ್ಲದೆ ಆಹಾರಯೋಜನೆಯಿಂದ ಕಳೆಯಬಹುದೆಂಬ ಮತಕ್ಕೆ ಯೂರೋಪಿನಲ್ಲಿ ವಿಶೇಷ ಪ್ರಚಾರ ದೊರೆತುದು ವೈದ್ಯನಿಂದಲ್ಲ, ರೋಗಿಯಿಂದ. ಲಂಡನ್ನಿನಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವ ಮನೆತನದ ವಿಲಿಯಂ ಬ್ಯಾಂಟಿಂಗನು ೧೮೬೨ರಲ್ಲಿ ೨೦೨ ಪೌಂಡು ತೂಗುತ್ತಿದ್ದನು. ಬಾಗಿ ಪಾದರಕ್ಷೆಯ ದಾರ ಕಟ್ಟಲೂ ಶಕ್ತನಾಗಿರಲಿಲ್ಲ. ಕಿವುಡಿಗಾಗಿ ಆತನು ಕಂಡ ಕರ್ಣವೈದ್ಯ ವಿಲಿಯಂ ಹಾರ್ವೆಯು ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬೀರು, ಆಲೂಗೆಡ್ಡೆಗಳನ್ನು ಆದಷ್ಟೂ ವರ್ಜಿಸಿ ಮಾಂಸ, ಮೀನುಗಳನ್ನು ವಿಧಿಸಿದನು. ಸುಮಾರು ಒಂದು ವರ್ಷದಲ್ಲಿ ೪೬ ಪೌಂಡು ಇಳಿಯಿತು. ೧೮೬೩ರಲ್ಲಿ ಬ್ಯಾಂಟಿಂಗನು ಈ ವೃತ್ತಾಂತವನ್ನು ಪತ್ರರೂಪದ ಕಿರುಹೊತ್ತಗೆಯಾಗಿ ಪ್ರಕಟಿಸಿದನು.

ಈ ಪಥ್ಯದಲ್ಲಿ ಸಸಾರಜನಕಕ್ಕೆ ಅಗ್ರಸ್ಥಾನ. ಶರ್ಕರಪಿಷ್ಟಗಳೊಡನೆ ಬೆಣ್ಣೆಯೂ ನಿಷಿದ್ಧ. ೧೮೮೨ರಲ್ಲಿ ಗಟಿಂಗೆನ್ನಿನ ವಿಲ್ಹೆಲ್ಮ್ ಎಬ್‌ಸ್ಟೈನನು ಇದನ್ನು ತಿದ್ದಿದನು. ಕೊಬ್ಬು ಹಸಿವನ್ನು ತಣಿಸುವುದರಿಂದ ಅದನ್ನುಳಿಸಿಕೊಂಡು ಸಕ್ಕರೆ, ಆಲೂಗೆಡ್ಡೆಗಳನ್ನೇ ಬಿಡಬೇಕೆಂಬುದು ಆತನ ವಾದ. ಮೇದಸ್ಸನ್ನು ಕರಗಿಸಲು ಕೊಬ್ಬನ್ನುಣ್ಣುವುದು ವಿರೋಧಾಭಾಸವೆಂದು ತೋರಬಹುದು. ಆದರೆ ಗ್ರಾಮೊಂದಕ್ಕೆ ಕೊಬ್ಬಿನಿಂದ ಸುಮಾರು ೯, ಉಳಿದೆರಡರಿಂದ ೪ ಕ್ಯಾಲೊರಿಗಳೆಂಬ ಎಣಿಕೆ ನೆಲೆಗೊಂಡ ಮೇಲೆ, ಮೈ ಇಳಿಯುವುದು ಒಟ್ಟು ಶಕ್ತಿ ತಗ್ಗಿದಾಗಲೇ ಎಂಬುದು ಸ್ಪಷ್ಟವಾಯಿತು. ಅಲ್ಪಾಹಾರದಲ್ಲಿಯೂ ತೃಪ್ತಿಯುಂಟಾಗುವಂತೆ ಮೂರನ್ನೂ ಹದವಾಗಿ ಬೆರೆಸುವುದೇ ಈ ಎರಡು ಪಥ್ಯಗಳಿಂದ ಉಳಿದ ಪಾಠ.

ಸ್ವೀಡಿಷ್ ಭಾಷೆಯಲ್ಲಿ ಪಥ್ಯದಿಂದ ಮೈ ಇಳಿಸುವುದಕ್ಕೆ ಇಂದಿಗೂ ‘ಬಾಂಟಾ’ ಎಂಬ ಕ್ರಿಯಾಪದವಿದೆ. ವೈದ್ಯನ ವಿಧಿಗೆ ರೋಗಿಯ ಹೆಸರೇ ನಿಂತಿತು.