ಗುಡ್ಡದ ನೆತ್ತಿಯ ಮರಗಳು

ಹಸುರು ಗುಡ್ಡ, ನಾಲ್ಕು ಮರ, ಮೇಲೊಂದು ತುಂಡು ಮುಗಿಲು—ಇಂಥ ಚಿತ್ರದ ಕ್ಯಾಲೆಂಡರನ್ನು ಎಂದೂ ಗೋಡೆಗೆ ತೂಗುಹಾಕದ ಮನೆ ಅಪರೂಪ. ಭೂದೃಶ್ಯವೆಂದರೆ ಕಣ್ಣಿಗೆ ತಂಪು, ಬುದ್ಧಿಗೆ ವಿಶ್ರಾಂತಿ ಎಂದು ನೀವೂ ಎಣಿಸಿರಬಹುದು. ಇಂಗ್ಲೆಂಡಿನ ಪಾಲ್ ನ್ಯಾಷ್ ಎಂಬ ಚಿತ್ರಕಾರನ ಕೃತಿಗಳ ಮುಂದೆ ಆ ಎಣಿಕೆ ನಿಲ್ಲುವುದಿಲ್ಲ. ಚಿತ್ರಗಳು ಇಲ್ಲಿ ಅಚ್ಚಾಗಿಲ್ಲ; ಮನಸ್ಸಿನಲ್ಲಿಯೇ ಬರೆದುಕೊಳ್ಳಿ.

ನ್ಯಾಷ್ 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಥೇಮ್ಸ್ ನದಿಯ ಬಳಿಯ ವಿಟನ್‌ಹ್ಯಾಂ ಜೋಡಿ ಗುಡ್ಡಗಳ ಮೇಲೆ ಅವನಿಗೆ ಎಳೆತನದಿಂದಲೂ ಮೋಹ. ಸೀಮೆಸುಣ್ಣದ ಜಾತಿಯ ನೆಲ ಅದು. ಒಂದು ಗುಡ್ಡದ ಮೇಲೆ ಪುರಾತನ ಮಣ್ಣುಕೋಟೆ. ಎರಡರ ನೆತ್ತಿಗೂ ಬೀಚ್ ಮರಗಳ ತೋಪು. ಸುತ್ತಲೂ ಅಲೆಯಲೆಯಾಗಿ ಏರಿಳಿಯುವ ಹೊಲಗಳು. 1912ರ ಸುಮಾರಿಗೆ ಇವನ್ನು ಮಸಿಯಲ್ಲಿಯೂ ನೀರುಬಣ್ಣದಲ್ಲಿಯೂ ಬರೆದನು. ಮರಗಳನ್ನು ಮನುಷ್ಯರೆಂದೇ ಬಗೆದು ಚಿತ್ರಿಸಲು ಯತ್ನಿಸುತ್ತಿರುವುದಾಗಿ ಆ ವರ್ಷ ಕವಿಮಿತ್ರನೊಬ್ಬನಿಗೆ ಪತ್ರ ಬರೆದಿದ್ದನು.

ಯುದ್ಧ ಬಂತು. 1917ರಲ್ಲಿ ಸೈನ್ಯಾಧಿಕಾರಿಯಾಗಿ ಬೆಲ್ಜಿಯಮ್ಮಿನ ಈಪ್ರ್ ರಣರಂಗಕ್ಕೆ ಹೋದನು. ಮೇ ತಿಂಗಳಲ್ಲಿ ಕತ್ತಲೆಯಲ್ಲಿ ಕಂದಕಕ್ಕೆ ಬಿದ್ದು ಪಕ್ಕೆಲುಬು ಮುರಿದು ಊರಿಗೆ ಮರಳಿದನು. ಕೆಲವೇ ದಿನಗಳಲ್ಲಿ ಅವನ ದಳದ ಅನೇಕರು ಹತರಾದರು. ಬಿದ್ದುದೇ ಬದುಕಿಸಿತು! ನವೆಂಬರಿನಲ್ಲಿ ಸರಕಾರದ ಚಿತ್ರಕಾರನಾಗಿ ಮತ್ತೆ ಅಲ್ಲಿಗೇ ಹೋದನು.

1918ರ ತೈಲಚಿತ್ರವನ್ನು ಈಗ ನೋಡಿ. ಇಲ್ಲಿಯೂ ನೆಲ ಅಲೆಯಲೆಯಾಗಿಯೇ ಇದೆ. ಆದರೆ ಅಲೆಗಳನ್ನು ಎಬ್ಬಿಸಿದುದು ಫಿರಂಗಿಯ ಗುಂಡುಗಳು. ಆ ತಗ್ಗು ನಾಡಿನ ನೀರುಕಾಲುವೆಗಳು ಒಡೆದು ಹೊಲವೆಲ್ಲ ಕೆಸರಾಗಿತ್ತು. ಮರಗಳಿವೆ, ರೆಂಬೆಯಿಲ್ಲ, ಎಲೆಯಿಲ್ಲ, ಬರಿಯ ಮೋಟುಗಳು. ನೆತ್ತರುಬಣ್ಣದ ಮೋಡಗಳ ಮೇಲೆ ಬಿಳಿಯ ಸೂರ್ಯ ಮೂಡುತ್ತಿದ್ದಾನೆ. ಹೆಣವೊಂದನ್ನೂ ಅವನು ಬರೆಯಲಿಲ್ಲ. ಮರಗಳೇ ಮನುಷ್ಯರಾಗಿದ್ದವನಿಗೆ ಬೇರೆ ಹೆಣಗಳೇಕೆ? ಚಿತ್ರದ ಹೆಸರು ‘ನಾವು ಹೊಸ ಲೋಕವೊಂದನ್ನು ಕಟ್ಟುತ್ತಿದ್ದೇವೆ’. ಹೊಗಳಿಕೆಯ ಮುಸುಕಿನ ನಿಂದೆಗೆ ನಮ್ಮ ಆಲಂಕಾರಿಕರು ವ್ಯಾಜಸ್ತುತಿ ಎನ್ನುತ್ತಾರೆ. ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ. ಸರಕಾರ ನೇಮಿಸಿದ ಕಲಾವಿದನೇ ಸರಕಾರದ ಯುದ್ಧಕ್ಕೆ ಇಟ್ಟ ಹೆಸರಿದು. ಚಿತ್ರ ಲಂಡನ್ನಿನ ಇಂಪೀರಿಯಲ್ ಯುದ್ಧ ಸಂಗ್ರಹಾಲಯದಲ್ಲಿದೆ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಉಬ್ಬಸ ಅವನನ್ನು ಹಣ್ಣು ಮಾಡಿತ್ತು. ಗುಡ್ಡ ಹತ್ತುವ ಶಕ್ತಿಯಿಲ್ಲ. ಆಕ್ಸ್‌ಫರ್ಡಿನ ಸಮೀಪದ ಮಿತ್ರರ ಮನೆಯಿಂದ, ದುರ್ಬೀನಿನ ಮೂಲಕ ಅದೇ ವಿಟನ್‌ಹ್ಯಾಂ ತೋಪುಗಳನ್ನು ನೋಡುತ್ತ ಕುಳಿತಿರುತ್ತಿದ್ದನು. 1943ರಲ್ಲಿ ವಸಂತ ವಿಷುವದ ಚಿತ್ರ ಬರೆದನು. ಹಗಲಿರುಳು ಸಮನಾದ ದಿನ; ಒಂದೇ ಆಕಾಶದಲ್ಲಿ ಸೂರ್ಯನೂ ಚಂದ್ರನೂ; ಅವರೊಡನೆ ಅವೇ ಜೋಡಿ ಗುಡ್ಡಗಳು, ನೆತ್ತಿಯಲ್ಲಿ ಮರಗಳು ಎಲ್ಲವೂ ನಿಂತಿವೆ. 1946ರ ಜುಲೈಯಲ್ಲಿ ನ್ಯಾಷ್ ತೀರಿಕೊಂಡನು.