ಕಪಿಲೆಯ ನೆರೆ ಮತ್ತು ಫುಟ್‌ಬಾಲ್ ಭವಿಷ್ಯ

ಮುಂದೆ ಆಗುವುದನ್ನು ಲೆಕ್ಕ ಹಾಕಿ ಹೇಳುವುದು ನಮ್ಮ ಕಡೆಯವರಿಗೆ ಹೊಸದಲ್ಲ. ತಲಕಾಡಿನ ಪಂಚಲಿಂಗ ದರ್ಶನ ಯಾವ ವರ್ಷ ಬರುತ್ತದೆ ಎಂಬುದನ್ನು ಪಂಚಾಂಗ ನೋಡಿ ಮೊದಲೇ ಹೇಳುತ್ತಾರೆ. 2009, 2013, 2020 ಹೀಗೆ ಅಂತರ ಹೆಚ್ಚುಕಡಿಮೆಯಾದರೂ ಲೆಕ್ಕ ತಪ್ಪುವುದಿಲ್ಲ. ಕಪಿಲೆಯ ನೆರೆಯ ಲೆಕ್ಕ ಅಷ್ಟು ಕರಾರುವಾಕ್ಕಲ್ಲ, ಆದರೂ ನಂಬಬಹುದು. ವಯನಾಡಿನಲ್ಲಿ ಮಳೆ ಹಿಡಿದು, ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂದು ತಿಳಿದರೆ ಸಾಕು. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆಯೇ, ಮಲ್ಲನಮೂಲೆ ಹತ್ತಿರ ಊಟಿ ರಸ್ತೆಗೆ ನೀರು ಬರುತ್ತದೆಯೇ ಎಂದು ನದಿ ದಡದವರು ಅಂದಾಜು ಮಾಡುತ್ತಾರೆ. ಟಿ. ನರಸೀಪುರದವರಿಗೆ ಲೆಕ್ಕ ಇನ್ನೂ ಸ್ವಲ್ಪ ತೊಡಕು. ಅವರು ಕಬಿನಿಯ ಜೊತೆಗೆ ಕೆಆರ್‌ಎಸ್‌ನಿಂದ ಬರುವ ಕಾವೇರಿಯನ್ನೂ ನೋಡಬೇಕು.

ಫುಟ್‌ಬಾಲ್ ಪಂದ್ಯಾವಳಿಯ ಭವಿಷ್ಯ ಇವೆರಡಕ್ಕಿಂತಲೂ ಕಷ್ಟದ ಲೆಕ್ಕ. ವಿಶ್ವಕಪ್ ಬಂದಾಗಲೆಲ್ಲ ಮೊಬೈಲ್‌ನಲ್ಲಿ 'ಈ ಸಲ ಕಪ್ ಇವರದೇ' ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಅವರ ಹಿಂದೆಯೇ ಹಣ ಕಟ್ಟಿಸಿಕೊಳ್ಳುವವರೂ ಬರುತ್ತಾರೆ. ಆದ್ದರಿಂದ ಈ ಲೆಕ್ಕ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅದಕ್ಕೆ ಬ್ರೆಜಿಲ್, ಜರ್ಮನಿಗಳವರೆಗೆ ಹೋಗಬೇಕಿಲ್ಲ. ನಮ್ಮ ಹಳೇ ಮೈಸೂರಿನ ಆಟಗಾರರಿದ್ದ ಭಾರತ ತಂಡದ ಇತಿಹಾಸವೇ ಸಾಕು.

ಮೈಸೂರು ಸಂಸ್ಥಾನ ಒಂದು ಕಾಲಕ್ಕೆ ಫುಟ್‌ಬಾಲ್‌ನಲ್ಲಿ ದೊಡ್ಡ ಹೆಸರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. 1946ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. ಎರಡೇ ವರ್ಷಕ್ಕೆ, 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅಹ್ಮದ್ ಖಾನ್, ಧನರಾಜ್, ರಾಮನ್ ಅವರಂಥ ಬೆಂಗಳೂರಿನ ಆಟಗಾರರಿದ್ದರು. ಹೆಚ್ಚಿನವರದು ಬರಿಗಾಲು. ಎದುರಾಳಿ ಫ್ರಾನ್ಸ್. ಆದರೂ ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವವರೆಗೆ ಸ್ಕೋರು 1-1. ಭಾರತದ ಆ ಗೋಲು ರಾಮನ್ ಅವರದು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದೇ. ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿದವು, ಕೊನೆಗೆ ಫ್ರಾನ್ಸ್ 2-1ರಿಂದ ಗೆದ್ದಿತು.

ಆ ಪಂದ್ಯ ನೋಡಿದವರು ನಾಲ್ಕು ವರ್ಷದ ನಂತರ ಭಾರತ ಹೇಗೆ ಆಡುತ್ತದೆ ಎಂದು ಊಹಿಸಿದ್ದರೆ ಏನು ಹೇಳುತ್ತಿದ್ದರು? ಅದರ ಮೇಲೆ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಚಿನ್ನ ಬಂದಿತ್ತು. 1952ರ ಹೆಲ್ಸಿಂಕಿಯಲ್ಲಿ ಒಳ್ಳೆಯ ಆಟ ನಿರೀಕ್ಷಿಸುವುದು ಸಹಜವೇ. ಆದದ್ದು ಯುಗೊಸ್ಲಾವಿಯ ಎದುರು 10-1ರ ಸೋಲು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಈ ಸೋಲಿನ ನಂತರವೇ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

10-1 ನೋಡಿದವರು 1956ರ ಮೆಲ್ಬರ್ನ್‌ಗೆ ಯಾವ ಭರವಸೆಯಿಂದ ಭವಿಷ್ಯ ಹೇಳಬೇಕಿತ್ತು? ಅಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು. ಅದನ್ನು ಇವತ್ತಿಗೂ ಭಾರತೀಯ ಫುಟ್‌ಬಾಲ್‌ನ ಸುವರ್ಣ ಘಳಿಗೆ ಎನ್ನುತ್ತೇವೆ. ಆದರೆ ಆ ಸ್ಥಾನ ಬಂದ ದಾರಿಯನ್ನು ಬಿಡಿಸಿ ನೋಡಬೇಕು. ಮೊದಲ ಸುತ್ತಿನ ಎದುರಾಳಿ ಹಂಗೇರಿ, ಆ ಕಾಲದ ಬಲಾಢ್ಯ ದೇಶ. ಸೋವಿಯತ್ ಸೇನೆ ಹಂಗೇರಿಗೆ ನುಗ್ಗಿದ್ದ ಆ ದಿನಗಳಲ್ಲಿ ಅದರ ಫುಟ್‌ಬಾಲ್ ತಂಡ ಕೂಟಕ್ಕೆ ಬರಲೇ ಇಲ್ಲ. ಆಡದೆಯೇ ಭಾರತ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ನೆವಿಲ್ ಡಿಸೋಜ ಅವರ ಮೂರು ಗೋಲುಗಳಿಂದ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ಸೆಮಿಫೈನಲ್‌ನಲ್ಲಿ ಮೊದಲ ಗೋಲು ಹೊಡೆದದ್ದು ಭಾರತವೇ ಆದರೂ ಯುಗೊಸ್ಲಾವಿಯ 4-1ರಿಂದ ಗೆದ್ದಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯ ಎದುರು 3-0 ಸೋಲು. ಅಂದರೆ ಒಂದೇ ಗೆಲುವು, ಎರಡು ಸೋಲು, ನಾಲ್ಕನೇ ಸ್ಥಾನ.

ಆ ತಂಡದಲ್ಲಿದ್ದ ನಮ್ಮ ಕೆಂಪಯ್ಯ ಮುಂದೆ 1960ರ ರೋಮ್‌ಗೂ ಹೋದರು. ಅಲ್ಲಿ ಹಂಗೇರಿ ಎದುರು 2-1ರ ಸೋಲು, ಫ್ರಾನ್ಸ್ ಜೊತೆ 1-1 ಸಮ, ಪೆರು ಎದುರು 3-1ರ ಸೋಲು. ಗುಂಪಿನಲ್ಲಿ ಕೊನೆಯ ಸ್ಥಾನ. ದಾಖಲೆ ಪುಸ್ತಕದಲ್ಲಿ 1956 ದೊಡ್ಡದು, 1960 ಸಣ್ಣದು. ಆಟ ನೋಡಿದರೆ ಹಂಗೇರಿಯನ್ನು ಒಂದೇ ಗೋಲಿನ ಅಂತರದಲ್ಲಿ ಹಿಡಿದಿಟ್ಟ, ಫ್ರಾನ್ಸ್ ಜೊತೆ ಸಮ ಮಾಡಿಕೊಂಡ ತಂಡ ಕಡಿಮೆಯದೇನಲ್ಲ. ಬದಲಾದದ್ದು ಡ್ರಾ. ಯಾರ ಎದುರು ಯಾರು ಬೀಳುತ್ತಾರೆ ಎಂಬುದು ತಂಡದ ಶಕ್ತಿಯಷ್ಟೇ ಮುಖ್ಯ.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ ಇದಕ್ಕಿಂತ ವಿಚಿತ್ರ. ಗುಂಪಿನ ಮೊದಲ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾಕ್ಕೆ 2-0ಯಿಂದ ಸೋತಿತು. ಕೆಲವೇ ದಿನಗಳ ನಂತರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ಮೊದಲ ಪಂದ್ಯವನ್ನೇ ಆಧಾರ ಮಾಡಿಕೊಂಡರೆ ಲೆಕ್ಕ ಕೊರಿಯಾ ಕಡೆಗೆ. ಭಾರತ 2-1ರಿಂದ ಗೆದ್ದು ಚಿನ್ನ ತಂದಿತು. ತಯಾರು ಮಾಡಿದ್ದು ಹೈದರಾಬಾದಿನ ಕೋಚ್ ರಹೀಮ್. ಬೆಂಗಳೂರಿನ ಅರುಮೈನಾಯಗಂ ಆ ತಂಡದಲ್ಲಿದ್ದರು.

ಇಷ್ಟೆಲ್ಲ ಏರಿಳಿತ ಯಾಕೆ? ಮುಖ್ಯ ಕಾರಣ ಗೋಲುಗಳು ಕಡಿಮೆ. ಕಬಡ್ಡಿಯಲ್ಲಿ ಒಂದು ರೈಡ್ ಕೆಟ್ಟರೆ ಮುಂದಿನ ರೈಡ್‌ಗಳಲ್ಲಿ ಸರಿಮಾಡಿಕೊಳ್ಳಬಹುದು. ಫುಟ್‌ಬಾಲ್‌ನಲ್ಲಿ ತೊಂಬತ್ತು ನಿಮಿಷಕ್ಕೆ ಎರಡೋ ಮೂರೋ ಗೋಲು. ಒಂದು ಪೆನಾಲ್ಟಿ, ಒಂದು ರೆಡ್ ಕಾರ್ಡ್, ಕಂಬಕ್ಕೆ ಬಡಿದ ಒಂದು ಚೆಂಡು ಇಡೀ ಫಲಿತಾಂಶವನ್ನೇ ತಿರುಗಿಸುತ್ತದೆ. ನೀರು ಮೇಲಿಂದ ಕೆಳಕ್ಕೆ ಒಂದೇ ದಾರಿಯಲ್ಲಿ ಬರುತ್ತದೆ, ಚೆಂಡಿಗೆ ಆ ಕಟ್ಟುಪಾಡಿಲ್ಲ.

ಹಾಗೆಂದು ಲೆಕ್ಕವೇ ದಂಡ ಎನ್ನುವಂತಿಲ್ಲ. ಅರ್ಪಾಡ್ ಎಲೊ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು ಚೆಸ್ ಆಟಗಾರರಿಗೆ ಅಂಕ ಕೊಡುವ ಒಂದು ಪದ್ಧತಿ ಮಾಡಿದ್ದರು. ಫಿಫಾ 2018ರಿಂದ ಅದೇ ಜಾಡಿನಲ್ಲಿ ದೇಶಗಳಿಗೆ ರ‍್ಯಾಂಕ್ ಕೊಡುತ್ತದೆ. ಬಲಿಷ್ಠರನ್ನು ಸೋಲಿಸಿದರೆ ಹೆಚ್ಚು ಅಂಕ, ದುರ್ಬಲರನ್ನು ಸೋಲಿಸಿದರೆ ಕಡಿಮೆ. ಸ್ನೇಹಪಂದ್ಯಕ್ಕಿಂತ ವಿಶ್ವಕಪ್ ಪಂದ್ಯಕ್ಕೆ ತೂಕ ಜಾಸ್ತಿ. ಎರಡು ತಂಡಗಳ ನಡುವೆ 200 ಅಂಕದ ಅಂತರವಿದ್ದರೆ, ಗೆಲುವಿಗೆ 1, ಸಮಕ್ಕೆ ಅರ್ಧ ಎಂದು ಎಣಿಸಿ, ಮೇಲಿನ ತಂಡದ ನಿರೀಕ್ಷೆ ಸುಮಾರು 0.68 ಎನ್ನುತ್ತದೆ ಈ ಸೂತ್ರ.

ಈಗ ಇದನ್ನು ಪಂದ್ಯಾವಳಿಗೆ ಹಾಕಿ ನೋಡಿ. 2026ರಿಂದ ವಿಶ್ವಕಪ್‌ಗೆ 48 ತಂಡ. ಗುಂಪು ಹಂತ ದಾಟಿದ ಮೇಲೆ ಕಪ್ ಎತ್ತಲು ಐದು ನಾಕೌಟ್ ಪಂದ್ಯ ಗೆಲ್ಲಬೇಕು. ಒಂದು ತಂಡ ಎಷ್ಟು ಬಲವಾಗಿದೆ ಎಂದರೆ ಪ್ರತಿ ಪಂದ್ಯದಲ್ಲೂ ಅದು ಮುಂದೆ ಹೋಗುವ ಸಾಧ್ಯತೆ ನೂರಕ್ಕೆ 80 ಎಂದಿಟ್ಟುಕೊಳ್ಳಿ. ಎರಡು ಪಂದ್ಯಕ್ಕೆ ಅದು 64, ಮೂರಕ್ಕೆ 51, ನಾಲ್ಕಕ್ಕೆ 41, ಐದಕ್ಕೆ 33. ಅಷ್ಟು ಬಲಶಾಲಿ ತಂಡವೂ ಕಪ್ ಗೆಲ್ಲುವುದಕ್ಕಿಂತ ಗೆಲ್ಲದಿರುವ ಸಾಧ್ಯತೆಯೇ ಎರಡು ಪಟ್ಟು. 2022ರಲ್ಲಿ 36 ಪಂದ್ಯ ಸೋಲದೆ ಬಂದಿದ್ದ ಅರ್ಜೆಂಟೀನ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಕ್ಕೆ ಸೋತಿತು, ಕೊನೆಗೆ ಕಪ್ಪನ್ನೂ ಗೆದ್ದಿತು. ಆ ಪಂದ್ಯದ ಮಟ್ಟಿಗೆ ಲೆಕ್ಕ ತಲೆಕೆಳಗಾಯಿತು, ಪಂದ್ಯಾವಳಿಯ ಮಟ್ಟಿಗೆ ನಿಂತಿತು.

ಹಾಗಾದರೆ 2010ರಲ್ಲಿ ಎಂಟಕ್ಕೆ ಎಂಟೂ ಸರಿ ಹೇಳಿದ ಜರ್ಮನಿಯ ಆಕ್ಟೋಪಸ್ ಪಾಲ್ ಕತೆ ಏನು? ಎರಡು ಡಬ್ಬಿಯಲ್ಲಿ ಒಂದನ್ನು ಆರಿಸುವ ಆಟ ಎಂಟು ಸಲ ಸರಿಬರುವುದು 256ರಲ್ಲಿ ಒಂದು ಸಾಧ್ಯತೆ. ಅಪರೂಪ ನಿಜ, ಪವಾಡವಲ್ಲ. ಲೋಕದಲ್ಲಿ ನೂರಾರು ಪ್ರಾಣಿಗಳಿಂದ ಹೀಗೆ ಭವಿಷ್ಯ ಹೇಳಿಸಿದರೆ ಒಂದಾದರೂ ಸರಿಯಾದೀತು, ಸುದ್ದಿಯಾಗುವುದು ಅದೊಂದೇ. ಅದೇ ಪಾಲ್ 2008ರ ಯುರೋ ಕಪ್‌ನಲ್ಲಿ ಆರರಲ್ಲಿ ಎರಡು ತಪ್ಪು ಹೇಳಿತ್ತು.

ಟಿಪ್ಸ್ ಕೊಡುವವರ ತಂತ್ರ ಇದೇ. ನಾಕೌಟ್ ಪಂದ್ಯಕ್ಕೆ 256 ಜನರ ನಂಬರ್ ಇಟ್ಟುಕೊಂಡು ಅರ್ಧ ಜನಕ್ಕೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು ತಂಡ ಗೆಲ್ಲುತ್ತದೆ ಎಂದು ಮೆಸೇಜ್ ಕಳಿಸುವುದು. ಸರಿಬಂದ 128 ಜನರಲ್ಲಿ ಮತ್ತೆ ಅರ್ಧರ್ಧ. ನಾಲ್ಕು ಪಂದ್ಯ ಕಳೆಯುವಷ್ಟರಲ್ಲಿ 16 ಜನಕ್ಕೆ ಈತ ನಾಲ್ಕಕ್ಕೆ ನಾಲ್ಕೂ ಹೇಳಿದ ಮಹಾನುಭಾವ. ಐದನೇ ಪಂದ್ಯಕ್ಕೆ ಅವರು ದುಡ್ಡು ಕೊಟ್ಟು ಟಿಪ್ಸ್ ಕೇಳುತ್ತಾರೆ. ತಪ್ಪು ಮೆಸೇಜ್ ಹೋದ 240 ಜನ ಅವರಿಗೆ ಕಾಣುವುದೇ ಇಲ್ಲ.

ಬೆಟ್ಟಿಂಗ್ ಕಟ್ಟಿಸಿಕೊಳ್ಳುವವನಿಗೆ ಭವಿಷ್ಯ ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಸಮಬಲದ ಎರಡು ತಂಡಗಳ ಮೇಲೆ ತಲಾ 100 ರೂಪಾಯಿ ಬಂದಿತು ಎನ್ನಿ. ಗೆದ್ದವನಿಗೆ 190 ಕೊಟ್ಟರೂ ಅವನ ಜೇಬಿಗೆ 10 ರೂಪಾಯಿ. ಯಾರೇ ಗೆಲ್ಲಲಿ, ಅವನು ಸೋಲುವುದಿಲ್ಲ. ಓಸಿ ಚೀಟಿ ಬರೆಸುತ್ತಿದ್ದ ಕಾಲದಿಂದಲೂ ನಡೆದುಬಂದ ಲೆಕ್ಕ ಇದು, ಈಗ ಆ್ಯಪ್‌ಗೆ ಬಂದಿದೆ. ಆನ್‌ಲೈನ್ ಜೂಜಿನ ಮೇಲೆ ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. 2025ರಲ್ಲಿ ಕೇಂದ್ರವೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ತಂದಿತು. ಕಾನೂನು ಏನೇ ಇರಲಿ, ಭತ್ತ ಮಾರಿದ ದುಡ್ಡು, ಸಂಘದಲ್ಲಿ ಎತ್ತಿದ ಸಾಲ ಈ ಲೆಕ್ಕಕ್ಕೆ ಹೋದರೆ ತಿರುಗಿ ಬರುವುದಿಲ್ಲ.

ನಮ್ಮ ಫುಟ್‌ಬಾಲ್‌ನ ಇತ್ತೀಚಿನ ಕತೆಯೂ ಇದನ್ನೇ ಹೇಳುತ್ತದೆ. 1968-69ರ ನಂತರ ಸಂತೋಷ್ ಟ್ರೋಫಿ ಕಾಣದಿದ್ದ ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿತು. ಅದೇ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಿತು, ರ‍್ಯಾಂಕ್ 99ಕ್ಕೆ ಬಂತು. ಆರು ತಿಂಗಳಿಗೆ ಏಷ್ಯನ್ ಕಪ್‌ನಲ್ಲಿ ಮೂರೂ ಪಂದ್ಯ ಸೋಲು, ಒಂದೂ ಗೋಲಿಲ್ಲ.

ಯಾರು ಗೆಲ್ಲಬಹುದು ಎಂದು ಅರಳಿಕಟ್ಟೆಯಲ್ಲಿ ಕುಳಿತು ವಾದ ಮಾಡೋಣ, ಅದು ಆಟದ ಸುಖದಲ್ಲಿ ಅರ್ಧ. ಯಾರಾದರೂ 'ಗ್ಯಾರಂಟಿ' ಎಂದರೆ ಮಾತ್ರ 1952 ಮತ್ತು 1962 ಎರಡನ್ನೂ ನೆನಪಿಸಿ, ಜೇಬು ಮುಚ್ಚಿಕೊಳ್ಳಿ.